ಪ್ಯಾರಾಪೆಟ್ ಗೋಡೆ ಯಾರಿಗೆ?

ಇವತ್ತಿನ ಧ್ಯಾನಕ್ಕೆ ಧರ್ಮೋಪದೇಶಕಾಂಡ 22ನೇ ಅಧ್ಯಾಯ, 8ನೇ ವಚನ ತೆಗೆಯಿರಿ. ಹೊಸ ಮನೆ ಕಟ್ಟುವವನಿಗೆ ದೇವರು ಕೊಟ್ಟ ಆಜ್ಞೆ ಅದು. ಮಾಳಿಗೆಯ ಸುತ್ತಲೂ ಗೋಡೆ ಕಟ್ಟಬೇಕು. ಕಟ್ಟದೆ ಬಿಟ್ಟು, ಯಾರಾದರೂ ಮೇಲಿಂದ ಬಿದ್ದು ಸತ್ತರೆ, ಆ ರಕ್ತದ ಅಪರಾಧ ಆ ಮನೆಯ ಮೇಲೆ ಬರುತ್ತದೆ. ಇಷ್ಟೇ ಅದರ ಅರ್ಥ. ಇವತ್ತು ಈ ಒಂದು ವಚನದ ಜೊತೆ ಸ್ವಲ್ಪ ಹೊತ್ತು ಕೂತುಕೊಳ್ಳೋಣ.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಈಗ ನಿಮ್ಮ ವಯಸ್ಸಿನವರು ಎಷ್ಟೋ ಜನ ಬೆಂಗಳೂರಿನ ಹೊರಗೆ ಒಂದು ಸಣ್ಣ ಸೈಟು ತಗೊಂಡು, ಮೋಲ್ಡ್ ಹಾಕುವ ತನಕ ಮೇಸ್ತ್ರಿ ಕೈಲಿ ಮಾಡಿಸಿ, ಕೈಯಲ್ಲಿದ್ದ ದುಡ್ಡು ಮುಗಿದ ಮೇಲೆ ಉಳಿದದ್ದನ್ನು ತಾವೇ ಮಾಡೋಕೆ ಇಳಿಯುತ್ತಾರೆ. ಆಫೀಸ್ ಮುಗಿಸಿ ಬಂದು ಗೋಡೆಗೆ ಪಟ್ಟಿ ಹಚ್ಚುವುದು, ಶನಿವಾರ ಟೈಲ್ಸ್ ಕೂರಿಸುವುದು, ಗಂಡ ಹೆಂಡತಿ ಇಬ್ಬರೂ ಸೇರಿ ಪೇಂಟ್ ಹೊಡೆಯುವುದು. ಒಳ್ಳೆಯದು, ಸ್ತೋತ್ರ! ಆದರೆ ಹೀಗೆ ಕಷ್ಟಪಟ್ಟವರ ಮನಸ್ಸಿನಲ್ಲಿ ಒಂದು ಮಾತು ಹುಟ್ಟುತ್ತದೆ: "ಇದು ನನ್ನ ಕೈಯಾರೆ ಕಟ್ಟಿದ ಮನೆ." ಆ ಮಾತು ಎಷ್ಟರಮಟ್ಟಿಗೆ ಸತ್ಯ? ಕೈಯಾರೆ ಕಟ್ಟಿದರೆ ಮನೆ ಪೂರ್ತಿ ನನ್ನದಾಗುತ್ತದಾ?

ಮೊದಲು ಕೈಕೆಲಸದ ಬಗ್ಗೆ ಒಂದು ಮಾತು. ನಮ್ಮ ದೇಶದಲ್ಲಿ ಕೈ ಮಣ್ಣು ಮಾಡಿಕೊಳ್ಳುವ ಕೆಲಸವನ್ನು ಯಾರೋ ಕೆಲವರ ತಲೆಗೆ ಕಟ್ಟಿ, ಮಿಕ್ಕವರು ದೂರ ನಿಂತು ನೋಡಿದ್ದೇ ಹೆಚ್ಚು. ಬೈಬಲ್ ಹಾಗೆ ನೋಡುವುದಿಲ್ಲ. ನಾವು ಪವಿತ್ರಾತ್ಮನ ಅಭಿಷೇಕಕ್ಕಾಗಿ ಕಾದು ಪ್ರಾರ್ಥಿಸುವ ಜನ. ವಿಮೋಚನಕಾಂಡ 31ನೇ ಅಧ್ಯಾಯದಲ್ಲಿ, ಇವನನ್ನು ನನ್ನ ಆತ್ಮದಿಂದ ತುಂಬಿಸಿದ್ದೇನೆ ಅಂತ ದೇವರು ಯಾರನ್ನು ಹೆಸರು ಹಿಡಿದು ಹೇಳಿದನು ನೋಡಿದ್ದೀರಾ? ಬೆಚಲೇಲನನ್ನು. ಅವನು ಪ್ರವಾದಿಯಲ್ಲ, ಅರಸನಲ್ಲ. ಲೋಹ, ಕಲ್ಲು, ಮರದ ಕೆಲಸ ಮಾಡುವವನು. ನಮ್ಮ ಕರ್ತನಾದ ಯೇಸುವನ್ನೂ ಊರಿನವರು ಬಡಗಿ ಅಂತಲೇ ಗುರುತಿಸಿದರು. ಅಲ್ಲಿರುವ ಗ್ರೀಕ್ ಪದ ಟೆಕ್ಟೋನ್. ಮರದ ಕೆಲಸದವನಿಗೂ, ಕಟ್ಟಡ ಕೆಲಸದವನಿಗೂ ಆ ಪದ ಸಲ್ಲುತ್ತದೆ. ಪೌಲನು ಕೊರಿಂಥದಲ್ಲಿ ಡೇರೆ ಹೊಲಿದನು. ಹಾಗಾಗಿ ಕರಣೆ ಹಿಡಿಯಲು ನಾಚಿಕೆ ಬೇಡ.

ಆದರೆ ಕೈಕೆಲಸಕ್ಕೆ ಒಂದು ಅಪಾಯವೂ ಇದೆ. ಧರ್ಮೋಪದೇಶಕಾಂಡ 8ನೇ ಅಧ್ಯಾಯದಲ್ಲಿ ಮೋಶೆ ಜನರನ್ನು ಎಚ್ಚರಿಸುತ್ತಾನೆ. ಒಳ್ಳೇ ಮನೆಗಳನ್ನು ಕಟ್ಟಿಕೊಂಡು ಅದರಲ್ಲಿ ವಾಸಮಾಡುವಾಗ, ಇದೆಲ್ಲ ನನ್ನ ಭುಜಬಲದಿಂದ ಆಯಿತು ಅಂದುಕೊಂಡು ದೇವರನ್ನು ಮರೆಯಬೇಡ ಅನ್ನುವುದು ಆ ಎಚ್ಚರಿಕೆ. ಕೊಂಡುಕೊಂಡ ಮನೆಯವನಿಗಿಂತ ಕಟ್ಟಿದವನಿಗೆ ಈ ಶೋಧನೆ ಜಾಸ್ತಿ. ಆದರೆ ನಿಜವಾಗಿ ಕೆಲಸ ಮಾಡಿದವನನ್ನು ಕೇಳಿ, ಅವನಿಗೆ ಗೊತ್ತಿರುತ್ತದೆ. ಕಾಂಕ್ರೀಟ್ ಹಾಕಿದ ಮೇಲೆ ಕನಿಷ್ಠ ಏಳು ದಿನ ನೀರು ಹಿಡೀಬೇಕು, ಕ್ಯೂರಿಂಗ್ ಮಾಡಬೇಕು. ಅದರ ಬಲವನ್ನು ಇಂಜಿನಿಯರ್‌ಗಳು 28ನೇ ದಿನಕ್ಕೆ ಪರೀಕ್ಷಿಸುತ್ತಾರೆ. ನೀನು ಕಲಸಿದೆ, ಸುರಿದೆ, ನೀರು ಹಾಕಿದೆ, ನಿಜ. ಆದರೆ ಸಿಮೆಂಟು ನೀರಿನ ಜೊತೆ ಸೇರಿ ಕಲ್ಲಾಗುವ ಆ ಕೆಲಸ ನೀನು ಮಲಗಿದ್ದಾಗಲೂ ನಡೆಯಿತು. ಅದನ್ನು ನಿನ್ನ ಕೈ ಮಾಡಲಿಲ್ಲ. ಕರ್ತನು ಕಟ್ಟದ ಮನೆಗೆ ಕಟ್ಟುವವರ ಶ್ರಮ ವ್ಯರ್ಥ ಅಂತ 127ನೇ ಕೀರ್ತನೆ ತಿಳಿಸುವುದನ್ನು, ಗಾರೆ ಕೆಲಸ ಮಾಡಿದವನು ಬೇಗ ಅರ್ಥಮಾಡಿಕೊಳ್ಳುತ್ತಾನೆ.

ಇನ್ನು ನಮ್ಮ ವಚನಕ್ಕೆ ಬರೋಣ. ಇಸ್ರಾಯೇಲಿನ ಮನೆಗಳ ಮಾಳಿಗೆ ಚಪ್ಪಟೆ, ನಮ್ಮ ತಾರಸಿಯ ಹಾಗೆ. ರಾಹಾಬಳು ಅಲ್ಲಿ ನಾರಿನ ದಂಟುಗಳನ್ನು ಹರಡಿದ್ದಳು. ಪೇತ್ರನು ಯೊಪ್ಪದಲ್ಲಿ ಮಾಳಿಗೆ ಹತ್ತಿ ಪ್ರಾರ್ಥಿಸಿದನು. ಜನ ಓಡಾಡುವ ಜಾಗ ಅದು. ದೇವರು ಹೊಸ ಮನೆಯವನಿಗೆ ಬಾಗಿಲು ಯಾವ ದಿಕ್ಕಿಗಿರಬೇಕು, ಎಷ್ಟು ಕೋಣೆ ಇರಬೇಕು ಅಂತ ಇಲ್ಲಿ ಹೇಳಲಿಲ್ಲ. ಮಾಳಿಗೆಯ ಅಂಚಿನ ಬಗ್ಗೆ ಹೇಳಿದನು. ಯಾಕೆ? ಮಾಲೀಕನಿಗೆ ಅಂಚು ಎಲ್ಲಿದೆ ಅಂತ ಗೊತ್ತು, ಕತ್ತಲಲ್ಲೂ ಹುಷಾರಾಗಿರುತ್ತಾನೆ. ಗೊತ್ತಿಲ್ಲದಿರುವುದು ಬಂದವರಿಗೆ. ಬಟ್ಟೆ ಒಣಗಿಸಲು ಹತ್ತಿದ ಕೆಲಸದಾಕೆಗೆ, ಗಾಳಿಪಟ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡುವ ಪಕ್ಕದ ಮನೆ ಹುಡುಗನಿಗೆ. ಆ ಗೋಡೆ ಅವರಿಗೆ.

ಈಗ ನಮ್ಮ ನಗರದ ಅಂಚಿನ ಹೊಸ ಬಡಾವಣೆಗಳಲ್ಲಿ ನಡೆದು ನೋಡಿ. ಗೃಹಪ್ರವೇಶ ಮುಗಿದಿರುತ್ತದೆ, ಹಾಲ್‌ನಲ್ಲಿ ಫಾಲ್ಸ್ ಸೀಲಿಂಗ್, ಟಿವಿ ಯೂನಿಟ್ ಎಲ್ಲಾ ರೆಡಿ. ಮೇಲೆ ಹೋದರೆ ಕಂಬಿಗಳು ಆಕಾಶ ನೋಡುತ್ತಾ ನಿಂತಿರುತ್ತವೆ, ಪ್ಯಾರಾಪೆಟ್ ಇಲ್ಲ. "ಮುಂದೆ ಫಸ್ಟ್ ಫ್ಲೋರ್ ಹಾಕ್ತೀವಲ್ಲ, ಆಗ ನೋಡೋಣ" ಅಂತಾರೆ. ಕೈಯಾರೆ ಮುಗಿಸುವ ಮನೆಯಲ್ಲಂತೂ ಕೆಲಸ ಒಂದೇ ಸಲ ಮುಗಿಯಲ್ಲ, ದುಡ್ಡು ಬಂದ ಹಾಗೆ ಒಂದೊಂದೇ ಮುಗಿಯುತ್ತದೆ. ಆದ್ದರಿಂದ ಯಾವುದನ್ನು ಮೊದಲು ಮುಗಿಸುತ್ತೀಯ ಅನ್ನೋದು ಬರೀ ಬಜೆಟ್ ಪ್ರಶ್ನೆ ಅಲ್ಲ, ತಮ್ಮಾ. ಈ ಮನೆಯನ್ನು ಯಾರನ್ನು ಮನಸ್ಸಲ್ಲಿಟ್ಟುಕೊಂಡು ಕಟ್ಟಿದೆ ಅನ್ನೋದನ್ನು ಆ ಕ್ರಮವೇ ಹೇಳಿಬಿಡುತ್ತದೆ. ಮೂರೂವರೆ ಅಡಿ ಗೋಡೆ ಟಿವಿ ಯೂನಿಟ್‌ಗಿಂತ ಮೊದಲು ಏಳಬೇಕು. "ನನ್ನ ಮನೆ, ನನ್ನಿಷ್ಟ" ಎನ್ನುವ ವಾದವನ್ನು ದೇವರ ವಾಕ್ಯ ಒಪ್ಪುವುದಿಲ್ಲ. ಮನೆ ನಿನ್ನದೇ, ಆದರೆ ಅಲ್ಲಿಗೆ ಬರುವವರ ಜೀವಕ್ಕೆ ನೀನು ಲೆಕ್ಕ ಕೊಡಬೇಕು.

ಕೈಕೆಲಸ ಇನ್ನೊಂದು ಪಾಠ ಕಲಿಸುತ್ತದೆ. ಸಿಮೆಂಟ್ ಮೂಟೆ 50 ಕೆಜಿ. ಆರು ಇಂಚಿನ ಸಾಲಿಡ್ ಬ್ಲಾಕ್ ಒಂದಕ್ಕೆ ಸುಮಾರು 25 ಕೆಜಿ. ಒಂದು ದಿನ ನೀನೇ ಹತ್ತು ಬ್ಲಾಕ್ ಮೇಲಕ್ಕೆ ಹೊತ್ತು ನೋಡು. ಆಮೇಲೆ ರಾಯಚೂರು, ಯಾದಗಿರಿ ಕಡೆಯಿಂದ ಬಂದು ತಗಡಿನ ಶೆಡ್‌ನಲ್ಲಿ ಮಗು ಮಲಗಿಸಿ ಮರಳು ಹೊರುವ ಅಕ್ಕನ ಹತ್ತಿರ ಐವತ್ತು ರೂಪಾಯಿಗೆ ಚೌಕಾಶಿ ಮಾಡೋಕೆ ಬಾಯಿ ಬರುತ್ತದಾ? ಯೆರೆಮೀಯ 22ನೇ ಅಧ್ಯಾಯದಲ್ಲಿ ಅರಸನಾದ ಯೆಹೋಯಾಕೀಮನ ಮೇಲೆ ಬಂದ ತೀರ್ಪು ಇದೇ ವಿಷಯಕ್ಕೆ. ದೇವದಾರು ಹಲಗೆ ಹೊದಿಸಿ, ಕೆಂಪು ಬಣ್ಣ ಬಳಿಸಿ ದೊಡ್ಡ ಮನೆ ಕಟ್ಟಿಸಿದನು, ನೆರೆಯವನಿಗೆ ಕೂಲಿ ಕೊಡಲಿಲ್ಲ. ಇನ್ನೊಂದು ಸಣ್ಣ ವಿಷಯ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನ ಕಾರ್ಮಿಕರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅದಕ್ಕೆ ಕೆಲಸ ಮಾಡಿದ ಪುರಾವೆ ಬೇಕು. ನಿನ್ನ ಮನೆಗೆ ದುಡಿದವರು ಕೇಳಿದರೆ ಅಲೆಸಬೇಡ, ಮಾಡಿದ ದಿನಗಳನ್ನು ಸರಿಯಾಗಿ ಬರೆದು ಸಹಿ ಹಾಕಿಕೊಡು. ಅದೂ ಒಂದು ಸಾಕ್ಷಿ.

ಕೈಯ ಶ್ರಮವನ್ನು ನೆರೆಯವನ ಜೊತೆ ಸೇರಿಸಿದ ಒಂದು ಉದಾಹರಣೆ ಹೇಳುತ್ತೇನೆ. 1976ರಲ್ಲಿ ಅಮೆರಿಕದಲ್ಲಿ ಮಿಲ್ಲರ್ಡ್ ಫುಲ್ಲರ್ ದಂಪತಿ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಎಂಬ ಕ್ರೈಸ್ತ ಸೇವೆ ಪ್ರಾರಂಭಿಸಿದರು. ಮನೆ ಪಡೆಯುವ ಕುಟುಂಬವೂ ಬೆವರು ಸುರಿಸಬೇಕು ಅನ್ನುವುದು ಅವರ ಪದ್ಧತಿ. ತನ್ನ ಮನೆಗೆ ಮಾತ್ರವಲ್ಲ, ಬೇರೆಯವರ ಮನೆಗೂ ಕೈ ಹಾಕಬಹುದು. ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಸುತ್ತಿಗೆ ಹಿಡಿದು ಅವರ ಜೊತೆ ದುಡಿದರು, 2006ರಲ್ಲಿ ಮಹಾರಾಷ್ಟ್ರದ ಲೋಣಾವಳದ ಹತ್ತಿರಕ್ಕೂ ಬಂದಿದ್ದರು. ನೆಹೆಮೀಯ 3ನೇ ಅಧ್ಯಾಯವೂ ಹಾಗೇ ಅಲ್ವಾ? ಹಲವರು ತಮ್ಮ ಮನೆಯ ಎದುರಿನ ಭಾಗ ಕಟ್ಟಿದರು, ಶಲ್ಲೂಮನ ಹೆಣ್ಣುಮಕ್ಕಳೂ ಕಟ್ಟಿದರು, ಪಟ್ಟಣಕ್ಕೆಲ್ಲಾ ಗೋಡೆ ಆಯಿತು.

ಕೊನೆಯದಾಗಿ, ಮನೆ ಕಟ್ಟುತ್ತಾ ಮನೆಯವರನ್ನು ಕಳೆದುಕೊಳ್ಳಬೇಡಿ. ಸೊಲೊಮೋನನು ದೇವಾಲಯವನ್ನು ಏಳು ವರ್ಷದಲ್ಲಿ ಕಟ್ಟಿದನು, ತನ್ನ ಅರಮನೆಗೆ ಹದಿಮೂರು ವರ್ಷ ತಗೊಂಡನು. ಭಾನುವಾರ ಆರಾಧನೆ ಬಿಟ್ಟು ಸೈಟಿಗೆ, ಮಗು ಮಲಗಿದ ಮೇಲೆ ಮನೆಗೆ, ಹೀಗೆ ಎರಡು ವರ್ಷ ಹೋದರೆ ಆ ಟೈಲ್ಸ್ ಮೇಲೆ ಯಾರು ಸಂತೋಷವಾಗಿ ನಡೆಯುತ್ತಾರೆ? ದೇವರ ಕರುಣೆ ನೋಡಿ: ಧರ್ಮೋಪದೇಶಕಾಂಡ 20ರಲ್ಲಿ ಹೊಸ ಮನೆ ಕಟ್ಟಿ ಇನ್ನೂ ಪ್ರವೇಶ ಮಾಡದವನನ್ನು ಯುದ್ಧದಿಂದಲೇ ವಾಪಸ್ ಕಳಿಸುತ್ತಾರೆ. ಕಟ್ಟಿದವನು ಅದರಲ್ಲಿ ಬಾಳಬೇಕು ಅನ್ನೋದು ದೇವರ ಆಸೆ. ಹಾಗಾದರೆ ಗೋಡೆಗೆ ಎರಡನೇ ಕೋಟ್ ಬಣ್ಣ ಇನ್ನೊಂದು ವರ್ಷ ಕಾಯಲಿ, ಪರವಾಗಿಲ್ಲ.

"ಬ್ರದರ್, ನಾವು ಹದಿನಾಲ್ಕನೇ ಫ್ಲೋರ್‌ನಲ್ಲಿ ಬಾಡಿಗೆಗಿದ್ದೀವಿ, ನಮಗೇನು?" ಅಂತ ಕೇಳಬಹುದು. ಕೆಲಸದಾಕೆ, ಡೆಲಿವರಿ ಹುಡುಗ ನಿಮ್ಮ ಲಿಫ್ಟ್ ಹತ್ತಬಾರದು ಅನ್ನುವ ಬೋರ್ಡ್ ನಿಮ್ಮ ಅಪಾರ್ಟ್‌ಮೆಂಟಿನಲ್ಲಿದೆಯಾ? ಮೀಟಿಂಗ್‌ನಲ್ಲಿ ಎದ್ದು ನಿಂತು ಮಾತಾಡಿ. ನಿಮ್ಮ ಪಾಲಿಗೆ ಪ್ಯಾರಾಪೆಟ್ ಅದೇ.

ಈ ವಾರ ಮನೆ ಕಟ್ಟುತ್ತಿರುವವರು ಒಮ್ಮೆ ತಾರಸಿಗೆ ಹೋಗಿ, ಅಂಚಿನಲ್ಲಿ ನಿಂತು ಪ್ರಾರ್ಥಿಸಿ. ಯಾರಿಗೆ ಕೂಲಿ ಬಾಕಿ ಇದೆ, ಯಾರಿಗೆ ಇಲ್ಲಿ ಅಪಾಯ ಇದೆ ಅಂತ ಕರ್ತನನ್ನು ಕೇಳಿ. ತೋರಿಸಿದ್ದನ್ನು ಮೊದಲು ಮುಗಿಸಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಈ ಯೌವನಸ್ಥರ ಕೈಗಳಿಗೆ ಬಲ ಕೊಡು. ಅವರು ಕಟ್ಟುವ ಮನೆಗಳಲ್ಲಿ ಯಾರೂ ಬೀಳದಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.