ಒಂದು ಆಲಯ, ಹಲವು ಮತಗಳು

ವಿದ್ಯಾರ್ಥಿದೆಶೆಯಲ್ಲಿ ಒಂದು ಬೇಸಗೆಯನ್ನು ಲಂಡನ್ ನಗರದಲ್ಲಿ ಕಳೆದು ಹಿಂದಿರುಗಿದ ನಾನು, ಅಲ್ಲಿಯ ನಾನಾ ಆಲಯಗಳನ್ನು ಕಂಡವನೆಂಬ ಹೆಮ್ಮೆಯಿಂದ “ಮತಗಳೆಲ್ಲವೂ ಒಂದೇ” ಎಂದು ಹೇಳುತ್ತಿದ್ದೆನು. ಕೇಳಿದವರು ತಲೆದೂಗುತ್ತಿದ್ದರು. ಹಾಗೆ ಹೇಳಲು ನನಗೆ ಅಧಿಕಾರವಿದ್ದಿತೇ ಎಂಬುದು ಈಗಿನ ಪ್ರಶ್ನೆ.

ಆ ನಗರದ ಪೂರ್ವಭಾಗದಲ್ಲಿ ಬ್ರಿಕ್ ಲೇನ್ ಎಂಬ ಬೀದಿಯುಂಟು. ಫ್ರಾನ್ಸಿನಲ್ಲಿ ಸ್ವಮತಾಚರಣೆಗೆ ಎಡೆಯಿಲ್ಲದೆ ವಲಸೆ ಬಂದ ಹ್ಯೂಗೆನಾಟ್ ಕ್ರೈಸ್ತರ ಸಮುದಾಯವು 1743ರಲ್ಲಿ ಅಲ್ಲಿ ಒಂದು ಇಗರ್ಜಿಯನ್ನು ಕಟ್ಟಿಸಿತು. 1819ರಲ್ಲಿ ಅದು ಮೆಥಡಿಸ್ಟರ ಪ್ರಾರ್ಥನಾಲಯವಾಯಿತು. 1898ರಲ್ಲಿ ಪೂರ್ವಯೂರೋಪಿನಿಂದ ಬಂದ ಯೆಹೂದ್ಯರ ಸಿನಗಾಗ್ ಆಯಿತು. 1976ರಲ್ಲಿ ಬಾಂಗ್ಲಾದೇಶದಿಂದ ಬಂದವರ ಮಸೀದಿಯಾಯಿತು. ಮೊದಲಿನವರು ಗೋಡೆಯಲ್ಲಿರಿಸಿದ ನೆರಳುಗಡಿಯಾರವು ಇಂದಿಗೂ ಇದೆ.

ಮತಗಳೊಂದೇ ಎಂಬುದಕ್ಕೆ ಈ ಕಟ್ಟಡವೇ ಸಾಕ್ಷಿಯೆಂದು ಅಂದು ತಿಳಿದಿದ್ದೆನು. ಆದರೆ ಎಲ್ಲವೂ ಒಂದೇ ಆಗಿದ್ದರೆ ಹ್ಯೂಗೆನಾಟನು ತಾಯ್ನಾಡನ್ನು ಏಕೆ ತೊರೆದನು? ಭೇದವು ಅವನಿಗೆ ಮನೆಮಾರುಗಳಿಗಿಂತ ಹೆಚ್ಚಿನದಾಗಿದ್ದಿತು. ಅದನ್ನು ಇಲ್ಲವೆನ್ನುವುದು ಅವನ ತ್ಯಾಗವನ್ನು ಹುಸಿಯೆಂದಂತೆ. “ನನ್ನದೊಂದೇ ನಿಜ, ಉಳಿದವರಿಗೆ ಎಡೆಯಿಲ್ಲ” ಎನ್ನುವುದಾದರೋ ಅವನನ್ನು ಓಡಿಸಿದವರ ಮಾತು. ಭೇದವನ್ನು ಅರಿತೂ ಎಡೆಗೊಡುವುದು ಸಹನೆ. ಅರಿಯದೆ ಒಂದೆನ್ನುವುದು ಬರಿಯ ಸೋಮಾರಿತನ.

ಅರಿಯಲು ಸಮುದ್ರವನ್ನು ದಾಟಬೇಕಾಗಿಲ್ಲ. ನಮ್ಮ ಮನೆಗೆ ನೂರು ಮಾರು ದೂರದಲ್ಲಿ ಒಂದು ಮಸೀದಿಯಿದೆ. ಅಲ್ಲಿಯ ಬಾಂಗನ್ನು ಬಾಲ್ಯದಿಂದಲೂ ಕೇಳುತ್ತ ಬಂದ ನಾನು, ಅದರ ಅರ್ಥವೇನೆಂದು ನೆರೆಯ ಸಾಹೇಬರನ್ನು ಒಂದು ದಿನವೂ ವಿಚಾರಿಸಿದವನಲ್ಲ. ಮೊನ್ನೆ ವಿಚಾರಿಸಿದೆನು. ಅವರು ಚಾಪೆ ಹಾಸಿ ಕೂರಿಸಿ, ಸಾವಧಾನವಾಗಿ ತಿಳಿಸಿದರು. ಅವರೆಂದುದೆಲ್ಲವೂ ನನಗೆ ಒಪ್ಪಿಗೆಯಾಗಲಿಲ್ಲ. ಆದರೆ “ಎಲ್ಲವೂ ಒಂದೇ” ಎಂಬ ಮಾತನ್ನು ಅಂದಿನಿಂದ ಬಿಟ್ಟಿದ್ದೇನೆ.