ಗದ್ದೆ ಒಬ್ಬರದ್ದು, ಆಟ ಯಾರದ್ದು?

"ಮೊಬೈಲ್ ಒತ್ತೋದೂ ಒಂದು ಕ್ರೀಡೆನಾ ಮಾರಾಯ?" ಆಫೀಸ್ ಕ್ಯಾಂಟೀನಿನಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ನಮ್ಮ ಟೇಬಲ್ ಎರಡು ಪಾಲಾಗುತ್ತೆ. ಬೆವರು ಬರದಿದ್ದರೆ ಅದು ಆಟವೇ ಅಲ್ಲ ಅನ್ನೋರು ಒಂದು ಕಡೆ, ಕಾಲ ಬದಲಾಗಿದೆ ಅನ್ನೋರು ಇನ್ನೊಂದು ಕಡೆ. ನನಗಂತೂ ಇದು ತಪ್ಪು ಜಗಳ ಅನಿಸುತ್ತೆ.

ಬೆವರಿನ ವಾದ ಯಾವತ್ತೋ ಬಿದ್ದುಹೋಗಿದೆ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲೇ ಚೆಸ್ ಇತ್ತು. 2018ರ ಜಕಾರ್ತಾದಲ್ಲಿ ಇಸ್ಪೀಟು ಹಿಡಿದು ಬ್ರಿಡ್ಜ್ ಆಡಿದ 60 ವರ್ಷದ ಪ್ರಣಬ್ ಬರ್ಧನ್, 56ರ ಶಿಬ್‌ನಾಥ್ ಸರ್ಕಾರ್ ಚಿನ್ನ ತಂದರು. ನಾವೆಲ್ಲ ಚಪ್ಪಾಳೆ ಹೊಡೆದೆವು. ಅದೇ ಜಕಾರ್ತಾದಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನದ ಆಟವಾಗಿತ್ತು, ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್‌ನಲ್ಲಿ ಕಂಚು ಗೆದ್ದರು. ಕೋವಿಡ್‌ನಿಂದ ಮುಂದೆ ಹೋಗಿ 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಏಳು ವಿಡಿಯೋ ಗೇಮ್‌ಗಳಿಗೆ ನಿಜವಾದ ಪದಕವೇ ಸಿಕ್ಕಿತು. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಚಿನ್ನ ಗೆದ್ದ ದಕ್ಷಿಣ ಕೊರಿಯಾದ ಹುಡುಗರಿಗೆ ಸುಮಾರು ಒಂದೂವರೆ ವರ್ಷದ ಕಡ್ಡಾಯ ಸೈನಿಕ ಸೇವೆಯಿಂದ ವಿನಾಯಿತಿ ದಕ್ಕಿತು. ಒಂದು ದೇಶ ಇಷ್ಟು ದೊಡ್ಡದನ್ನು ಬಿಟ್ಟುಕೊಡುತ್ತೆ ಅಂದಮೇಲೆ ಅದನ್ನು ಹುಡುಗಾಟ ಅನ್ನೋಕಾಗಲ್ಲ.

ಹಾಗಾದರೆ ಸರಿಯಾದ ಪ್ರಶ್ನೆ ಯಾವುದು? ಆಟದ ಯಜಮಾನ ಯಾರು ಅನ್ನೋದು.

ನಮ್ಮೂರು ಶಿರಾಲಿ. ಭಟ್ಕಳದಿಂದ ಹೊನ್ನಾವರದ ಕಡೆ ಹೊರಟರೆ ಹೆದ್ದಾರಿಯಲ್ಲೇ ಸಿಗುತ್ತೆ. ಕೊಯ್ಲು ಮುಗಿದ ಗದ್ದೆಯೇ ನಮ್ಮ ಸ್ಟೇಡಿಯಂ. ಗದ್ದೆ ನಮ್ಮದಲ್ಲ, ಒಡೆಯರದ್ದು. ಅವರು ಉದ್ದಿನ ಬೀಜ ಬಿತ್ತಿದರೆ, ಬೇಲಿ ಹಾಕಿದರೆ ನಾವು ಪಕ್ಕದ ಗದ್ದೆಗೆ ಹೋಗುತ್ತಿದ್ದೆವು. ಆದರೆ ಹೋಗುವಾಗ ಕಬಡ್ಡಿಯನ್ನೂ ಜೊತೆಗೇ ಒಯ್ಯುತ್ತಿದ್ದೆವು. ಗದ್ದೆಗೆ ಮಾಲೀಕರಿದ್ದರು, ಕಬಡ್ಡಿಗೆ ಇರಲಿಲ್ಲ. ನಾಲ್ಕು ಗೆರೆ ಎಳೆದರೆ ಆಟ ಮತ್ತೆ ಶುರು.

ವಿಡಿಯೋ ಗೇಮ್‌ನಲ್ಲಿ ಗದ್ದೆ, ಆಟ ಎರಡೂ ಒಂದೇ. ಎರಡಕ್ಕೂ ಒಬ್ಬನೇ ಯಜಮಾನ. ನಾನು ಸಾಫ್ಟ್‌ವೇರ್ ಬರೆಯೋನು, ಸರ್ವರ್ ಬಂದ್ ಮಾಡೋದು ಎಷ್ಟು ಸುಲಭ ಅಂತ ಗೊತ್ತು. ಒಂದು ಮೀಟಿಂಗ್, ಒಂದು ಮೇಲ್, ಮುಗೀತು. ಹಾಂಗ್‌ಝೌ ಪಟ್ಟಿಯಲ್ಲಿ ಮೊದಲು ಎಂಟು ಆಟಗಳಿದ್ದವು, ಎಂಟನೆಯದು ಹಾರ್ತ್‌ಸ್ಟೋನ್. 2023ರ ಜನವರಿಯಲ್ಲಿ ಬ್ಲಿಝಾರ್ಡ್ ಮತ್ತು ಚೀನಾದ ನೆಟ್‌ಈಸ್ ನಡುವಿನ ಒಪ್ಪಂದ ಮುಗಿದು ಅಲ್ಲಿನ ಸರ್ವರ್‌ಗಳು ನಿಂತವು. ಆಮೇಲೆ ಏಷ್ಯನ್ ಗೇಮ್ಸ್ ಪಟ್ಟಿಯಿಂದಲೂ ಆ ಆಟ ಹೋಯಿತು. ಅದಕ್ಕಾಗಿ ತಯಾರಾಗಿದ್ದವರು ಸೋತು ಹೊರಬಂದದ್ದಲ್ಲ. ಆಡೋಕೆ ಆಟವೇ ಉಳಿಯಲಿಲ್ಲ. ಎರಡು ಕಂಪನಿಗಳ ವ್ಯವಹಾರ ಮುರಿದದ್ದಕ್ಕೆ ಓಟದ ಸ್ಪರ್ಧೆ ರದ್ದಾದದ್ದನ್ನು ಯಾರಾದರೂ ಕೇಳಿದ್ದೀರಾ?

ನಮ್ಮಲ್ಲೂ ಆಯಿತಲ್ಲ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಬ್ಯಾನ್. 2021ರಲ್ಲಿ ಬಿಜಿಎಂಐ ಹೆಸರಲ್ಲಿ ಬಂತು, 2022ರ ಜುಲೈನಲ್ಲಿ ಪ್ಲೇ ಸ್ಟೋರ್‌ನಿಂದ ಮಾಯ, 2023ರ ಮೇನಲ್ಲಿ ಮತ್ತೆ ಹಾಜರ್. ಬ್ಯಾನ್‌ಗೆ ಸರ್ಕಾರದ ಕಾರಣಗಳು ಸರ್ಕಾರಕ್ಕೆ. ಆದರೆ ಕಬಡ್ಡಿಯನ್ನು ಹೀಗೆ ಒಂದು ರಾತ್ರಿಯಲ್ಲಿ ಅಳಿಸೋಕೆ ಯಾರಿಗಾದರೂ ಸಾಧ್ಯವಾ?

ಇದು ನನಗೆ ಬರೀ ಚರ್ಚೆಯಲ್ಲ. ಅಕ್ಕನ ಮಗ ಪಿಯುಸಿಯಲ್ಲಿದ್ದಾನೆ, ಬಿಜಿಎಂಐ ಚೆನ್ನಾಗೇ ಆಡ್ತಾನೆ. "ಇದ್ರಲ್ಲೂ ದೇಶಕ್ಕೆ ಆಡ್ಬಹುದಂತೆ ಮಾವ" ಅಂತಾನೆ. ಅಕ್ಕ ಫೋನ್ ಮಾಡಿ, "ಅಂವ ಹೇಳುದು ಹೌದಾ ತಮ್ಮ? ಬಿಡುದಾ, ಬೈಯುದಾ?" ಅಂತ ಕೇಳ್ತಾಳೆ. ಅಂವ ಹೇಳೋದು ಹೌದು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ಕೆಳಗೆ ತಂದಿತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸಿಗೆ ಮಾನ್ಯತೆ ಕೊಟ್ಟಿತು. ಜೂಜು ಬೇರೆ, ಪಂದ್ಯ ಬೇರೆ ಅಂತ ಕಾನೂನೇ ಹೇಳಿದೆ.

ಅಷ್ಟಾದರೂ ಸಾಲದು. ಒಂದು ಆಟಕ್ಕೆ ದೇಶದ ಬಾವುಟ ಕೊಟ್ಟಮೇಲೆ ಅದು ಬರೀ ಸರಕಾಗಿ ಉಳಿಯಬಾರದು. ಸಾವಿರಾರು ಹುಡುಗರು ತಮ್ಮ ಹದಿನೆಂಟು, ಇಪ್ಪತ್ತರ ವಯಸ್ಸನ್ನು ಅದಕ್ಕೆ ಸುರೀತಾರೆ. ಆ ವರ್ಷಗಳನ್ನು ಪಡೆದುಕೊಂಡ ಕಂಪನಿಗೆ ಒಂದು ಋಣ ಇರುತ್ತೆ. ಪದಕದ ಪಟ್ಟಿಗೆ ಸೇರಬೇಕಾದರೆ ಇಂತಿಷ್ಟು ವರ್ಷ ಸರ್ವರ್ ನಿಲ್ಲಿಸಲ್ಲ, ಕೂಟ ಹತ್ತಿರ ಬಂದಮೇಲೆ ನಿಯಮ ಬದಲಿಸಲ್ಲ ಅಂತ ಬರೆದುಕೊಡಲಿ. ತಾಂತ್ರಿಕವಾಗಿ ಇದು ಕಷ್ಟವೇನಲ್ಲ. ಹಾಂಗ್‌ಝೌಗಾಗಿ ಪಬ್‌ಜಿ ಮೊಬೈಲ್‌ನ ಬೇರೆಯದೇ ಆವೃತ್ತಿ ಮಾಡಿದ್ದರು, ಅದರಲ್ಲಿ ಮನುಷ್ಯರ ಬದಲು ಗುರಿಹಲಗೆಗಳಿಗೆ ಗುಂಡು ಹೊಡೆಯಬೇಕಿತ್ತು. ಕೂಟಕ್ಕಾಗಿ ಆಟವನ್ನೇ ಬದಲಿಸೋಕೆ ಆಗುತ್ತೆ ಅಂದಮೇಲೆ ಆಡುವವರಿಗಾಗಿ ಅದನ್ನು ಉಳಿಸೋಕೂ ಆಗಬೇಕಲ್ವಾ?

ಕಬಡ್ಡಿಯೂ ಈಗ ಮಣ್ಣಿನಿಂದ ಮ್ಯಾಟಿಗೆ ಹೋಗಿದೆ, ಟಿವಿಗೆ ತಕ್ಕಂತೆ ಬದಲಾಗಿದೆ, ಒಪ್ಪಿದೆ. ಆದರೂ ಮ್ಯಾಟ್ ಸುತ್ತಿಟ್ಟ ದಿನ ಮಣ್ಣಲ್ಲಿ ಆಡಬಹುದು. ಆ ಸ್ವಾತಂತ್ರ್ಯವೇ ದೊಡ್ಡದು.

ಅಕ್ಕನಿಗೆ ಹೇಳಿದ್ದಿಷ್ಟೇ: "ಬೈಬೇಡ, ಆಡ್ಲಿ. ಹೊತ್ತು ಗೊತ್ತು ಇರ್ಲಿ, ಓದು ಬಿಡದೇ ಇರ್ಲಿ." ಅಳಿಯನಿಗೆ ಇನ್ನೊಂದು ಮಾತು ಸೇರಿಸಿದೆ: "ನೀನು ಕಲಿತ ಕೈಚಳಕ, ತಾಳ್ಮೆ, ಜೊತೆಯವರನ್ನು ಕಾಯೋ ಬುದ್ಧಿ ನಿಂದು. ಐಡಿ, ರ‍್ಯಾಂಕು ಕಂಪನಿದು. ಯಾವುದು ಯಾರದ್ದು ಅಂತ ಗೊತ್ತಿಟ್ಕೊಂಡು ಆಡು."