*ಇಂದಿನ ಧಮ್ಮ ಚಿಂತನೆ: ಸೇವೆಯೋ, ಬಿಟ್ಟಿ ಚಾಕರಿಯೋ?*





ಒಬ್ಬ ಮನುಷ್ಯ ಕೂಲಿ ಕೇಳದೆ ವರ್ಷಗಟ್ಟಲೆ ನಾಲ್ಕು ಜನರಿಗಾಗಿ ದುಡಿದರೆ ಅದನ್ನು ದಾನ ಎನ್ನಬೇಕೋ, ಬಿಟ್ಟಿ ಚಾಕರಿ ಎನ್ನಬೇಕೋ? ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಕೈಯಲ್ಲಿ ಅದೇ ಕಸಬರಿಗೆ, ಅದೇ ಕೊಡ, ಮೈಮೇಲೆ ಅದೇ ಬೆವರು. ಬಿಟ್ಟಿ ಚಾಕರಿಯಲ್ಲಿ ನೊಂದ ಹಿರಿಯರ ಮಕ್ಕಳು ನಾವು. ನಮಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ.

ಶಹಾಪುರ ತಾಲೂಕಿನ ನಮ್ಮ ಭಾಗದ ಒಂದು ಕಬಡ್ಡಿ ಸಂಘದಲ್ಲಿ ಇಪ್ಪತ್ತು ವರ್ಷ ಸ್ವಯಂಸೇವಕರಾಗಿದ್ದ ಹಿರಿಯರೊಬ್ಬರು ಈಚೆಗೆ ತೀರಿಕೊಂಡರು. ಎಲ್ಲರಿಗೂ ಅವರು ಕಾಕಾ. ನಸುಕಿನಲ್ಲೇ ಬಂದು ಹರಳು ಆರಿಸಿ, ಮಣ್ಣಿಗೆ ನೀರು ಹೊಡೆದು, ಸುಣ್ಣದ ಪುಡಿಯಿಂದ ಗೆರೆ ಹಾಕುವವರು ಅವರೇ. ಕಾಲು ಉಳುಕಿದ ಹುಡುಗನನ್ನು ಸೈಕಲ್ ಮೇಲೆ ಕೂಡಿಸಿಕೊಂಡು ದವಾಖಾನೆಗೆ ಒಯ್ಯುವವರೂ ಅವರೇ.

ಇದೇ ಮನುಷ್ಯ ಹರೆಯದಲ್ಲಿ ಜಾತ್ರೆಗೆ ಹಲಗೆ ಬಾರಿಸಲು, ಸತ್ತ ದನ ಹೊರಲು ಒಲ್ಲೆ ಎಂದು ಹೇಳಿ, ಊರಲ್ಲಿ ಕೂಲಿ ಸಿಗದೆ ಕಷ್ಟಪಟ್ಟವರು. ಅದನ್ನು ಒಲ್ಲೆ ಎಂದವರು ಇದನ್ನೇಕೆ ಮಾಡುತ್ತೀರಿ ಎಂದು ನಾನೊಮ್ಮೆ ಕೇಳಿದ್ದೆ.

“ದುಡಿಲಿಕ್ಕ ನಾಚಿಕಿ ಇಲ್ರಿ ಸರ. ಅಲ್ಲಿ ಒಲ್ಲೆ ಅಂದ್ರ ಹೊಡೀಲಿಕ್ಕಿ ಬರ್ತಿದ್ರು. ಇಲ್ಲಿ ಒಂದಿನ ಹೋಗ್ಲಿಲ್ಲಂದ್ರ ಹುಡುಗ್ರು ಮನಿಗಿ ಬಂದು, ಆರಾಮ ಅದೀರೇನ್ ಕಾಕಾ ಅಂತ ಕೇಳ್ತಾರ” ಎಂದರು.

ಎರಡರ ನಡುವಿನ ಮೊದಲ ಗೆರೆಯನ್ನು ಅವರೇ ಹಾಕಿಕೊಟ್ಟರು. ಒಲ್ಲೆ ಎನ್ನುವ ಹಕ್ಕು ಇದ್ದಾಗ ಮಾತ್ರ ಸೇವೆ ದಾನವಾಗುತ್ತದೆ. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ವತನ ತಿದ್ದುಪಡಿ ಮಸೂದೆ ತಂದದ್ದು, ತುಂಡು ಜಮೀನಿನ ಹೆಸರಿನಲ್ಲಿ ಮಹಾರರನ್ನು ಹಗಲು ರಾತ್ರಿ ದುಡಿಸಿಕೊಳ್ಳುವ ಪದ್ಧತಿಯ ವಿರುದ್ಧ. ಆಗ ನಿಜಾಮರ ಆಡಳಿತದಲ್ಲಿದ್ದ ನಮ್ಮ ಕಡೆಯೂ ಬಿಟ್ಟಿ ಚಾಕರಿ ಇತ್ತು. ಸಂವಿಧಾನದ 23ನೇ ವಿಧಿ ಅದನ್ನು ಇಡೀ ದೇಶದಲ್ಲಿ ನಿಷೇಧಿಸಿತು.

ಕಾಕಾ ಕೊಟ್ಟದ್ದು ದಾನವೇ, ಸಂಶಯವಿಲ್ಲ. ಆದರೆ ಪಡೆದವರ ಪಾಲು ಏನು? ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ “ಅವರು ಏನೂ ಬೇಡಲಿಲ್ಲ” ಎಂದು ಹೊಗಳಿದರು. ಬೇಡದಿರುವುದು ಕೊಟ್ಟವರ ಗುಣ. ಅದರಿಂದ ಪಡೆದವರ ಬಾಕಿ ಚುಕ್ತಾ ಆಗುವುದಿಲ್ಲ.

ಆಟದ ಮೈದಾನದಲ್ಲಿ ಈ ಬಾಕಿ ಹಳೆಯದು. ಧಾರವಾಡದಲ್ಲಿ ಹುಟ್ಟಿದ ಪಳವಣಕರ್ ಬಾಳೂ ಚಮ್ಮಾರ ಸಮುದಾಯದವರು. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ಪಿಚ್ ಸರಿಮಾಡುತ್ತಿದ್ದರು, ಬಲೆ ಕಟ್ಟುತ್ತಿದ್ದರು, ಸಾಹೇಬರ ಅಭ್ಯಾಸಕ್ಕೆ ಗಂಟೆಗಟ್ಟಲೆ ಚೆಂಡು ಎಸೆಯುತ್ತಿದ್ದರು. ಮುಂದೆ ಹಿಂದೂ ತಂಡಕ್ಕೆ ಅವರ ಎಸೆತ ಬೇಕಾಯಿತು. ಆದರೆ ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. 1923ರಲ್ಲಿ ಅದು ಸಿಕ್ಕಿದ್ದು ಅವರ ತಮ್ಮ ವಿಠ್ಠಲರಿಗೆ. ಬಾಳೂ 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತರು, ಅದು ನಮಗೆ ಗೊತ್ತಿದೆ. ಹಾಗೆಂದು ಮೈದಾನದಲ್ಲಿ ಅವರಿಗಾದ ಅನ್ಯಾಯ ಕಡಿಮೆಯಾಗುವುದಿಲ್ಲ. ಕೈ ಬೇಕು, ಮನುಷ್ಯ ಬೇಡ ಎಂಬುದೇ ಆ ಅನ್ಯಾಯ.

ಸಂಘ ಹೇಗಿರಬೇಕು ಎಂಬುದಕ್ಕೆ ವಿನಯ ಪಿಟಕದಲ್ಲಿ ದಬ್ಬ ಮಲ್ಲಪುತ್ತ ಭಿಕ್ಷುವಿನ ಪ್ರಸಂಗವಿದೆ. ರಾಜಗೃಹದಲ್ಲಿ ಬಂದವರಿಗೆ ಮಲಗುವ ಜಾಗ ತೋರಿಸುವ, ಊಟದ ಪಾಳಿ ಹಂಚುವ ಕೆಲಸ ಮಾಡುತ್ತೇನೆ ಎಂದು ಅವರಾಗಿಯೇ ಮುಂದೆ ಬಂದರು. ಭಗವಾನ್ ಬುದ್ಧರು “ಒಳ್ಳೆಯದು, ಮಾಡು” ಎಂದಷ್ಟೇ ಹೇಳಿ ಬಿಡಲಿಲ್ಲ. ಸಂಘದ ಮುಂದೆ ವಿಷಯ ಇಟ್ಟು, ಎಲ್ಲರ ಒಪ್ಪಿಗೆ ಪಡೆದು ನೇಮಿಸಬೇಕೆಂದರು. ದಬ್ಬರು ರಾತ್ರಿ ತಡವಾಗಿ ಬಂದವರಿಗೂ ಬೇಸರಪಡದೆ ಜಾಗ ತೋರಿಸುತ್ತಿದ್ದರು. ಊಟ ರುಚಿಯಾಗಿ ಸಿಗಲಿಲ್ಲ ಎಂದು ಸಿಟ್ಟಾದ ಕೆಲವು ಭಿಕ್ಷುಗಳು ಮುಂದೆ ಅವರ ಮೇಲೆ ಸುಳ್ಳು ಆರೋಪ ಹೊರಿಸಿದರು. ಆಗಲೂ ಬುದ್ಧರು ಸಭೆ ಸೇರಿಸಿ ದಬ್ಬರ ಮಾತು ಕೇಳಿದರು, ಸುಳ್ಳು ಬಯಲಾಯಿತು.

ಇಲ್ಲಿ ಸೇವೆ ಮಾಡುವವರು ತಾವಾಗಿಯೇ ಬಂದಿದ್ದಾರೆ. ಸಂಘ ಅವರ ಕೆಲಸವನ್ನು ಎಲ್ಲರೆದುರು ಒಪ್ಪಿದೆ. ಕಷ್ಟ ಬಂದಾಗ ಅವರ ಮಾತಿಗೆ ಕಿವಿಗೊಟ್ಟಿದೆ. ನಮ್ಮ ಕಡೆಯ ಸನ್ನತಿಯ ಹತ್ತಿರದ ಕನಗನಹಳ್ಳಿ ಸ್ತೂಪದ ಕಲ್ಲುಗಳಲ್ಲಿ ದಾನ ಕೊಟ್ಟವರ ಹೆಸರು ಎರಡು ಸಾವಿರ ವರ್ಷಗಳಿಂದ ಉಳಿದಿವೆ. ಪಡೆದದ್ದನ್ನು ಬರೆದಿಡುವುದು ನಮ್ಮ ಪರಂಪರೆ.

ಬೇರೆಯವರ ಕ್ಲಬ್ಬನ್ನು ಬೈಯುವುದು ಸುಲಭ. ನಮ್ಮ ವಿಹಾರದಲ್ಲಿ ಜಮಖಾನೆ ಹಾಸುವವರು ಯಾರು? ಬುದ್ಧ ಪೂರ್ಣಿಮೆಯ ಊಟವಾದ ಮೇಲೆ ಪಾತ್ರೆ ತೊಳೆಯುವವರು ಯಾರು? ಪ್ರತಿ ವರ್ಷ ಅದೇ ಮೂರು ಜನ ತಾಯಂದಿರೇ ಆದರೆ, ಏಪ್ರಿಲ್ 14ರ ವೇದಿಕೆಯಲ್ಲಿ ಪ್ರತಿ ವರ್ಷ ಅದೇ ಮೂರು ಜನ ಗಂಡಸರೇ ಆದರೆ, ಜಾತಿ ಬಿಟ್ಟು ಬಂದ ನಾವು ಅದರ ಅಭ್ಯಾಸವನ್ನು ಬಿಟ್ಟಿಲ್ಲ.

ಕಾಕಾ ಅವರ ಫೋಟೋಕ್ಕೆ ಹಾರ ಹಾಕೋಣ, ಅದು ಸರಿಯೇ. ಅದರ ಜೊತೆಗೆ, ಬರುವ ಭಾನುವಾರ ವಂದನೆಯಾದ ಮೇಲೆ ಒಂದು ವಹಿ ತೆರೆಯೋಣ. ಯಾವ ಕೆಲಸವನ್ನು ಯಾರು ಮಾಡುತ್ತಿದ್ದಾರೆ ಎಂದು ಬರೆಯೋಣ. ಮುಂದುವರಿಸಲು ಮನಸ್ಸಿದೆಯೇ ಎಂದು ಅವರನ್ನೇ ಕೇಳೋಣ. ಸಾಕು ಎಂದವರಿಗೆ ಕೈಮುಗಿದು, ಆ ಕೆಲಸಕ್ಕೆ ಪಾಳಿ ಹಚ್ಚೋಣ. ಪಾತ್ರೆ ತೊಳೆಯುವ ಮೊದಲ ಪಾಳಿ ಪದಾಧಿಕಾರಿಗಳದ್ದಾಗಲಿ.

ಭವತು ಸಬ್ಬ ಮಂಗಲಂ.
ಜೈ ಭೀಮ್.